ಸೂರ್ಯನ ಚಿತ್ರವಿದ್ದ ಪೊಟ್ಟಣಗಳು

ಆಲ್ದೂರಿನ ಡಾಕ್ಟರುಗಳ ಅಕ್ಷರವನ್ನೆಲ್ಲ ನಮ್ಮ ಮಾವನವರು ನಿಂತ ನಿಲುವಿನಲ್ಲೇ ಓದುತ್ತಿದ್ದರು. ಅವರಿಗೆ ಓದಲು ಕಷ್ಟವಾಗುತ್ತಿದ್ದದ್ದು ನನ್ನ ಅಕ್ಷರ ಒಂದೇ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರು ಬೆರಳ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ ಅಕ್ಷರ ಅದು. ಎಲ್ಲ ಒಂದೇ ಕಡೆಗೆ ವಾಲಿಕೊಂಡು, ಒಂದರ ಕೈ ಒಂದು ಹಿಡಿದುಕೊಂಡು ಹೋಗುತ್ತವೆ. ಮದುವೆಯಾದ ಹೊಸದರಲ್ಲಿ ಅಂಗಡಿಗೆ ತರಿಸಬೇಕಾದ ಔಷಧಿಗಳ ಪಟ್ಟಿ ಬರೆದುಕೊಟ್ಟೆ. ಮಾವ ಅದನ್ನು ಕೈಯಳತೆ ದೂರ ಹಿಡಿದು ನೋಡಿ, "ಇಷ್ಟು ಚೆಂದ ಬರೆದರೆ ಔಷಧಿ ಅಂತ ಯಾರು ನಂಬ್ತಾರಮ್ಮ? ಲಗ್ನಪತ್ರಿಕೆ ಥರ ಇದೆ" ಅಂದರು.

ಅವರು ಕಾಲೇಜಿಗೆ ಹೋಗಿ ಫಾರ್ಮಸಿಸ್ಟ್ ಆದವರಲ್ಲ. ಹುಡುಗನಾಗಿದ್ದಾಗಲೇ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿ ಸೇರಿ, ಮದ್ದು ಅರೆದು, ಸೀಸೆಗೆ ಮಿಕ್ಸ್‌ಚರ್ ತುಂಬಿಸಿ, ಅಳತೆಗೆ ಕಾಗದದ ಪಟ್ಟಿ ಅಂಟಿಸುತ್ತ ವರ್ಷಗಟ್ಟಲೆ ಕಳೆದಿದ್ದರು. ಔಷಧಿ ಕೊಡುವವರ ಹೆಸರು ರಿಜಿಸ್ಟರಿನಲ್ಲಿರಬೇಕು ಎಂಬ ಕಾನೂನು ಬಂದಾಗ, ಅನುಭವ ಇದ್ದವರ ಹೆಸರನ್ನೂ ಸೇರಿಸಿಕೊಂಡರಂತೆ. ಆ ಸರ್ಟಿಫಿಕೇಟು ನಮ್ಮ ಅಂಗಡಿಯ ಗೋಡೆಯ ಮೇಲೆ, ದೇವರ ಫೋಟೋದ ಪಕ್ಕದಲ್ಲಿ, ದೇವರಿಗಿಂತ ಒಂದು ಬೆರಳು ಮೇಲಕ್ಕೇ ಇತ್ತು. ಅತ್ತೆ ದೇವರಿಗೆ ಹೂ ಮುಡಿಸುವಾಗ ಅದಕ್ಕೂ ಒಂದು ಎಸಳು ಸಿಕ್ಕಿಸುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮಾವನವರ ಎಡಗಣ್ಣು ಹೋಯಿತು. ಪೊರೆಯಲ್ಲ, ಕಣ್ಣಿನ ನರವೇ ಸೋತಿದೆ, ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಅಂದರು ಕಣ್ಣಿನ ಡಾಕ್ಟರು. ಬಲಗಣ್ಣು ಇನ್ನು ಎರಡು ಮೂರು ವರ್ಷ ದುಡಿಯಬಹುದು ಅಂತಲೂ ಹೇಳಿದರು. ಮಾವ ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಈ ಸಲ ಲೈಸೆನ್ಸಿಗೆ ಸೈನ್ ಹಾಕ್ತೀನಿ. ಮುಂದಿನ ರಿನ್ಯೂವಲ್ಲಿಗೆ ಹಾಕಲ್ಲ" ಅಂದುಬಿಟ್ಟರು.

ಫಾರ್ಮಸಿಸ್ಟ್ ಇಲ್ಲದೆ ಮೆಡಿಕಲ್ ಶಾಪಿಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ಬಾಗಿಲು ಹಾಕಬೇಕು. ಊರಿನ ಹಿತೈಷಿಗಳು ಒಬ್ಬರಾದ ಮೇಲೆ ಒಬ್ಬರು ಬಂದು ದಾರಿ ಹೇಳಿದರು. "ಅದಕ್ಕೇನು ಮಾರಾಯ್ರೇ, ಸರ್ಟಿಫಿಕೇಟು ಬಾಡಿಗೆಗೆ ಸಿಗುತ್ತೆ. ಎಷ್ಟು ಜನ ಮಾಡ್ತಾರೆ!"

ಮಾವ ನಕ್ಕರು. "ಮನುಷ್ಯ ಹುಬ್ಬಳ್ಳಿಯಲ್ಲಿ, ಅವನ ಸರ್ಟಿಫಿಕೇಟು ಆಲ್ದೂರಲ್ಲಿ. ತಪ್ಪು ಮಾತ್ರೆ ಕೊಟ್ಟರೆ ಹೊಟ್ಟೆನೋವು ಯಾರಿಗೆ ಬರಬೇಕು? ಗೋಡೆಗಾ?"

ಹಾಗಾದರೆ ಮನೆಯಲ್ಲೇ ಯಾರಾದರೂ ಓದಬೇಕು. ಎರಡು ವರ್ಷದ ಡಿ.ಫಾರ್ಮಕ್ಕೆ ಸೇರಲು ಪಿಯುಸಿಯಲ್ಲಿ ಸೈನ್ಸ್ ಆಗಿರಬೇಕು. ನಮ್ಮ ಮನೆಯವರದು ಬಿ.ಕಾಂ. ಅತ್ತೆಯದು ಏಳನೇ ಕ್ಲಾಸು. ಮಗಳದು ಎರಡನೇ ಕ್ಲಾಸು. ಅಡುಗೆಮನೆಯ ಬಾಗಿಲಲ್ಲಿ ಒಬ್ಬಟ್ಟಿನ ಹೂರಣದ ಕೈಯಲ್ಲಿ ನಿಂತಿದ್ದ ನನ್ನ ಕಡೆಗೆ ಎಲ್ಲರೂ ಒಟ್ಟಿಗೆ ತಿರುಗಿದರು. ಹತ್ತು ವರ್ಷದ ಹಿಂದೆ ಕಪ್ಪೆ ಕೊಯ್ದು ಪಾಸಾದದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

"ನಾನಾ?" ಅಂದೆ.

"ವಯಸ್ಸಿನ ಮಿತಿ ಏನೂ ಇಲ್ಲವಂತೆ ಕಣೇ," ಅಂದರು ಇವರು, ಬಹಳ ಉದಾರವಾಗಿ.

ಹೀಗೆ ಮೂವತ್ತಕ್ಕೆ ಒಂದು ಕಮ್ಮಿ ಇರುವಾಗ ನಾನು ಬೆಳಗಿನ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕಾಲೇಜಿಗೆ ಹೊರಟೆ. ಕ್ಲಾಸಿನಲ್ಲಿ ಎಲ್ಲ ಹದಿನೆಂಟು ಹತ್ತೊಂಬತ್ತರವರು. ಮೊದಲ ದಿನ ನಾನು ಒಳಗೆ ಹೋದಾಗ ಲೆಕ್ಚರರ್ ಬಂದರೆಂದು ಎದ್ದು ನಿಂತರು. ಆಮೇಲೆ ಆಂಟಿ ಅಂದರು. ಆಮೇಲೆ ರೆಕಾರ್ಡ್ ಬುಕ್ ಬರೆದುಕೊಡಿ ಆಂಟಿ ಅಂದರು, ನನ್ನ ಅಕ್ಷರ ನೋಡಿ.

ಸಾಯಂಕಾಲ ನಾನೂ ಮಗಳೂ ಊಟದ ಮೇಜಿನ ಎರಡು ಕಡೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆವು. ನನ್ನ ವಿಷಯಗಳ ಹೆಸರು ಕೇಳಿ ಮನೆಯಲ್ಲಿ ಗೌರವ ಹುಟ್ಟಿತ್ತು. ಆದರೆ ಗಿಡಮೂಲದ ಔಷಧಿಗಳನ್ನು ಗುರುತಿಸುವ ಪ್ರಾಕ್ಟಿಕಲ್ಲಿನಿಂದ ಆ ಗೌರವ ಇಳಿಯಿತು. ನಾನು ಚಿತ್ರ ಬರೆದು ಬಣ್ಣ ಹಾಕುತ್ತಿದ್ದ ಪುಸ್ತಕವನ್ನು ಅತ್ತೆ ಬಗ್ಗಿ ನೋಡಿದರು.

"ಇದೇನೇ ಇದು?"

"ಶುಂಠಿ, ಅತ್ತೆ."

"ಇದು?"

"ಲವಂಗ. ಇದು ಚಕ್ಕೆ. ಇದು ಏಲಕ್ಕಿ."

ಅತ್ತೆ ಪುಸ್ತಕ ಮುಚ್ಚಿ, "ಇದಕ್ಕೆ ದಿನಾ ಬಸ್ಸಲ್ಲಿ ಹೋಗ್ತೀಯಾ? ನನ್ನ ಸಾಂಬಾರ ಡಬ್ಬಿ ತೆಗೆದು ಕೂತಿದ್ದರೆ ಸಾಕಿತ್ತು" ಅಂದರು. ಮುಂದಿನ ವಾರ ಲ್ಯಾಬಿನಲ್ಲಿ ಟೀ ಪುಡಿಯಿಂದ ಕೆಫೀನ್ ತೆಗೆಯುವುದಿತ್ತು. ಕಾಫಿ ಸೀಮೆಯ ಹೆಂಗಸು ಟೀ ಪುಡಿ ಕುದಿಸಿದಳೆಂದು ಇವರು ವರ್ಷವಿಡೀ ಆಡಿಕೊಂಡರು.

ಎರಡು ವರ್ಷ ಆಯಿತು. ಪಾಸೂ ಆದೆ. ಅಷ್ಟರಲ್ಲಿ ಮಾವನವರ ಬಲಗಣ್ಣಿಗೆ ಭೂತಗನ್ನಡಿ ಬಂದಿತ್ತು. ಚೀಟಿಯನ್ನು ಇವರು ಗಟ್ಟಿಯಾಗಿ ಓದುವುದು, ಮಾವ ಅದನ್ನು ಭೂತಗನ್ನಡಿಯಲ್ಲಿ ಇನ್ನೊಂದು ಸಲ ನೋಡಿ ಔಷಧಿ ತೆಗೆಯುವುದು, ಹೀಗೆ ನಡೆಯುತ್ತಿತ್ತು. ಆ ವರ್ಷದ ಡಿಸೆಂಬರ್ ಕೊನೆಗೆ ಲೈಸೆನ್ಸ್ ಮುಗಿಯುತ್ತಿತ್ತು. ಪಾಸಾದರೆ ಫಾರ್ಮಸಿಸ್ಟ್ ಆದ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ. ಇನ್ನು ಐನೂರು ತಾಸು ತರಬೇತಿ ಮಾಡಬೇಕು, ಅದೂ ಮೂರು ತಿಂಗಳಿಗೆ ಕಮ್ಮಿ ಇಲ್ಲದ ಹಾಗೆ. ಅದರಲ್ಲಿ ಅರ್ಧ, ಚೀಟಿ ನೋಡಿ ನಿಜವಾಗಿ ಔಷಧಿ ಕೊಡುವ ಕೆಲಸವೇ ಆಗಿರಬೇಕು. ರಿಜಿಸ್ಟರ್ಡ್ ಫಾರ್ಮಸಿಸ್ಟರೊಬ್ಬರು ಕಣ್ಣೆದುರು ಇಟ್ಟುಕೊಂಡು ಕಲಿಸಿ ಸಹಿ ಹಾಕಬೇಕು. ಆಮೇಲೇ ಬೆಂಗಳೂರಿನ ಫಾರ್ಮಸಿ ಕೌನ್ಸಿಲ್ಲಿಗೆ ಅರ್ಜಿ. ಲೈಸೆನ್ಸ್ ಇರುವ ಅಂಗಡಿಯಲ್ಲೂ ಈ ತರಬೇತಿ ಆಗಬಹುದಿತ್ತು. ನಮ್ಮ ಅಂಗಡಿಗೆ ಕಾಲೇಜಿನವರು ಒಪ್ಪಿದರು.

"ಮನೆ ಅಂಗಡಿ, ಮಾವನೇ ಗುರು. ಇನ್ನೇನು, ಒಂದೇ ದಿನ ಐನೂರಕ್ಕೂ ಸೈನ್ ಹಾಕಿಸ್ಕೋ," ಅಂದರು ಇವರು.

ಇವರು ತಮ್ಮ ಅಪ್ಪನನ್ನು ಅಷ್ಟು ವರ್ಷ ನೋಡಿಯೂ ಹಾಗಂದದ್ದು ನನಗೆ ಇವತ್ತಿಗೂ ಆಶ್ಚರ್ಯ. ಜೂನ್ ಕೊನೆಯ ವಾರ ನಾನು ಕೌಂಟರಿಗೆ ಹೋಗಿ ನಿಂತಾಗ ಮಾವ ಒಂದು ಉದ್ದನೆಯ ನೋಟ್‌ಬುಕ್ ತೆಗೆದು, ದಿನಕ್ಕೊಂದು ಸಾಲು ಎಳೆದಿಟ್ಟಿದ್ದರು. ಮೊದಲ ದಿನ ಆರು ತಾಸು ನಿಂತೆ. ಅವರು ಬರೆದದ್ದು ಐದೂಕಾಲು.

"ಮುಕ್ಕಾಲು ಎಲ್ಲಿ ಹೋಯ್ತು, ಮಾವ?"

"ಕಾಫಿಗೆ ಮನೆಗೆ ಹೋಗಿದ್ದು ಇಪ್ಪತ್ತು ನಿಮಿಷ. ನಿನ್ನ ತಾಯಿ ಬಸ್ಸಿಂದ ಇಳಿದು ಮಾತಾಡಿಸಿದ್ದು ಇಪ್ಪತ್ತೈದು."

"ನೀವೂ ಮಾತಾಡಿದ್ರಲ್ಲ!"

"ನನಗೇನು ತರಬೇತಿ ಇಲ್ಲವಲ್ಲ."

ಮಾವ ನಿಮಿಷ ಕಡಿಯುವುದು, ನಾನು ಲೆಕ್ಕ ಕೇಳುವುದು. ಈ ಜಗಳ ನೋಡಲೆಂದೇ ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಾವ ಕಲಿಸುತ್ತಲೂ ಇದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಚೀಟಿ ಎರಡು ಸಲ ಓದು. ಸಂಶಯ ಬಂದರೆ ಡಾಕ್ಟರ ಬಾಗಿಲು ತಟ್ಟು, ನಾಚಿಕೆ ಪಡಬೇಡ. ಕೊಟ್ಟ ಮೇಲೆ, ಹೇಗೆ ತಗೋತೀರಿ ಅಂತ ಅವರ ಬಾಯಿಂದಲೇ ಹೇಳಿಸು. ಈ ಮೂರನೆಯದು ನನಗೆ ಸ್ವಲ್ಪ ಅತಿ ಅನ್ನಿಸುತ್ತಿತ್ತು. ಸಂತೆಯ ದಿನ ಎಸ್ಟೇಟುಗಳಿಂದ ಜೀಪು ತುಂಬಾ ಜನ ಬಂದು ನಿಂತಿರುವಾಗ ಒಬ್ಬೊಬ್ಬರಿಂದಲೂ ಪಾಠ ಒಪ್ಪಿಸಿಕೊಳ್ಳುತ್ತ ಕೂತರೆ ಆಗುತ್ತದೆಯೇ?

ಓದು ಬಾರದವರಿಗೆ ಮಾವ ಪೊಟ್ಟಣದ ಮೇಲೆ ಗೀರು ಎಳೆದು ಕೊಡುತ್ತಿದ್ದರು. ಬೆಳಿಗ್ಗೆಯ ಮಾತ್ರೆಗೆ ಒಂದು ಗೀರು, ಮಧ್ಯಾಹ್ನಕ್ಕೆ ಎರಡು, ಸಂಜೆಗೆ ಮೂರು. ಇದು ನನಗೆ ಸರಿಬರಲಿಲ್ಲ. ಮೂರು ಗೀರು ನೋಡಿ ಮೂರು ಮಾತ್ರೆ ನುಂಗಿದರೆ? ಕಾಲೇಜಿನಲ್ಲಿ ನಮಗೆ ಇನ್ನೊಂದು ಕ್ರಮ ಹೇಳಿಕೊಟ್ಟಿದ್ದರು: ಬೆಳಿಗ್ಗೆಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರ. ನೋಡಿದವರಿಗೆ ತಟ್ಟನೆ ತಿಳಿಯುತ್ತದೆ. ನಾನು ಮಗಳ ಸ್ಕೆಚ್ ಪೆನ್ನು ತಂದು ಹಳದಿ ಸೂರ್ಯ, ನೀಲಿ ಚಂದ್ರ ಬಿಡಿಸಲು ಶುರುಮಾಡಿದೆ. ಸೂರ್ಯನಿಗೆ ಹನ್ನೆರಡು ಕಿರಣ, ಎಲ್ಲ ಒಂದೇ ಅಳತೆ. ಸಿಸ್ಟರು ನೋಡಿದ್ದರೆ ನಕ್ಷತ್ರ ಕೊಡುತ್ತಿದ್ದರು.

ಮಾವ ಒಂದು ಪೊಟ್ಟಣವನ್ನು ಭೂತಗನ್ನಡಿಯಡಿ ಹಿಡಿದರು. "ಚೆನ್ನಾಗಿದೆ. ಕಣ್ಣು ಮೂಗು ಬಿಡಿಸಿದ್ದರೆ ಮಾತೇ ಆಡ್ತಿತ್ತು."

ಅಷ್ಟು ಸ್ಪಷ್ಟವಾದ ಚಿತ್ರ ಇದ್ದ ಮೇಲೆ ಬಾಯಲ್ಲಿ ಹೇಳಿಸುವುದು ಯಾಕೆ? "ಚಿತ್ರ ಇದೆ, ನೋಡಿಕೊಂಡು ತಗೊಳ್ಳಿ" ಅಂದು ಕಳಿಸತೊಡಗಿದೆ. ಕೌಂಟರಿನ ಮುಂದಿನ ಗುಂಪು ಬೇಗ ಕರಗುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಹೊರಗೆ ಪುನರ್ವಸು ಮಳೆ ಹಿಡಿದಿತ್ತು. ಅದು ಬಿಡುವ ಮೊದಲೇ ಪುಷ್ಯ ಬಂತು.

ಒಂದು ಸಂತೆಯ ದಿನ ಎಸ್ಟೇಟ್ ಜೀಪಿನಿಂದ ಒಬ್ಬ ಹೆಂಗಸನ್ನು ಇಬ್ಬರು ಹಿಡಿದು ಇಳಿಸಿದರು. ಕಳೆ ತೆಗೆಯುವಾಗ ಕತ್ತಿ ತಾಗಿ ಪಾದ ಸೀಳಿಕೊಂಡವಳು. ಹಿಂದಿನ ಸಂತೆಗೆ ಬಂದು ಹೊಲಿಗೆ ಹಾಕಿಸಿಕೊಂಡು, ನನ್ನ ಕೈಯಿಂದಲೇ ಐದು ದಿನದ ಮಾತ್ರೆ ತೆಗೆದುಕೊಂಡು ಹೋಗಿದ್ದಳು. ಈಗ ಪಾದ ಊದಿ ಕುಂಬಳಕಾಯಿಯಾಗಿತ್ತು, ಮೈ ಸುಡುತ್ತಿತ್ತು. ಡಾಕ್ಟರು ಗಾಯ ಬಿಚ್ಚಿ ತೊಳೆದು, ಇಂಜೆಕ್ಷನ್ ಕೊಟ್ಟು, ಚೀಟಿ ಹಿಡಿದುಕೊಂಡು ತಾವೇ ನಮ್ಮ ಅಂಗಡಿಗೆ ಬಂದರು. "ಇನ್ನೆರಡು ದಿನ ತಡ ಆಗಿದ್ದರೆ ಜಿಲ್ಲಾಸ್ಪತ್ರೆಗೇ ಹೋಗಬೇಕಿತ್ತು. ಮಾತ್ರೆ ತಗೊಂಡಿದ್ದರೆ ಹೀಗೆ ಆಗೋದಲ್ಲ. ಕೇಳಿ ನೋಡಿ."

ನಾನು ಕ್ಲಿನಿಕ್ಕಿನ ಬೆಂಚಿನ ಹತ್ತಿರ ಹೋಗಿ ಕೇಳಿದೆ. ಅವಳು ಸೊಂಟದಿಂದ ಪ್ಲಾಸ್ಟಿಕ್ ಸುತ್ತಿದ ಗಂಟು ಬಿಚ್ಚಿದಳು. ಒಳಗೆ ನನ್ನ ಎರಡು ಪೊಟ್ಟಣ, ಒಂದು ಹನಿ ನೀರೂ ತಾಗದ ಹಾಗೆ. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ.

"ಯಾಕಮ್ಮ ತಗೊಳ್ಳಲಿಲ್ಲ?"

"ಬಿಸ್ಲೇ ಬರ್ಲಿಲ್ವಲ್ಲ ಅಮ್ಮಾ."

ನನಗೆ ಅರ್ಥವಾಗಲಿಲ್ಲ. ಅವಳೇ ಚಿತ್ರದ ಮೇಲೆ ಬೆರಳಿಟ್ಟು, ದಡ್ಡಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳಿದಳು. "ನೀವು ಸೂರ್ಯನ್ನ ಬರ್ದು ಕೊಟ್ರಿ. ಥಂಡಿಲಿ ತಗಂಡ್ರೆ ಆಗದ ಮದ್ದೇನೋ, ಪಥ್ಯ ಇರ್ಬೇಕು ಅಂತ ಮಾಡ್ದೆ. ಬಿಸ್ಲು ಬಿದ್ದ ದಿನ ತಗಳಣ ಅಂತ ಜೋಪಾನ ಇಟ್ಟಿದ್ದೆ. ಎಲ್ಲಿ ಬಿತ್ತು? ಹದಿನೈದು ದಿನದಿಂದ ಬಟ್ಟೆ ಒಣಗಿಲ್ಲ."

"ಈ ಚಂದ್ರ?"

"ಚಂದ್ರ ನಮ್ ಕಡೆ ಗೌರಿ ಹಬ್ಬಕ್ಕೇ ಬರಾದು," ಅಂದು ಅಷ್ಟು ಜ್ವರದಲ್ಲೂ ನಕ್ಕಳು.

ಅವಳ ಯೋಚನೆಯಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹುಟ್ಟಿದಾಗಿನಿಂದ ಇದೇ ಮಳೆಯಲ್ಲಿ ನೆನೆದವಳು ನಾನು. ಕೊಡೆ ಮಡಚಿಟ್ಟು ಒಳಗೆ ಬಂದು, ಟ್ಯೂಬ್‌ಲೈಟ್ ಹಾಕಿಕೊಂಡು, ಜುಲೈ ತಿಂಗಳಲ್ಲಿ ಸೂರ್ಯನನ್ನು ಬಿಡಿಸಿ ಕೊಟ್ಟಿದ್ದೆ. ಪುಸ್ತಕ ಬರೆದವರು ಯಾವ ಬಯಲುಸೀಮೆಯಲ್ಲಿ ಕೂತು ಬರೆದಿದ್ದರೋ.

ಪೊಟ್ಟಣಗಳನ್ನು ಮಾವನವರ ಮುಂದಿಟ್ಟು ಹೇಳಿದೆ. ಬೈಯುತ್ತಾರೆ, ತರಬೇತಿಯೇ ಸಾಕು ಅನ್ನುತ್ತಾರೆ, ಡಿಸೆಂಬರಿಗೆ ಅಂಗಡಿ ಮುಚ್ಚಿದಂತೆಯೇ ಅಂತ ಅಲ್ಲಿಯವರೆಗೂ ನನ್ನ ಮನಸ್ಸು ಓಡಿತ್ತು. ಅವರು ಮಳೆಯ ಕಡೆಗೆ ಮುಖ ಮಾಡಿದರು.

"ನನಗೂ ಹೊಳೀಲಿಲ್ಲ ನೋಡು," ಅಂದರು. "ಇಂಥ ಪೊಟ್ಟಣ ಎಷ್ಟು ಹೋಗಿದಾವೆ?"

ಬಿಲ್ಲಿನ ಕಾರ್ಬನ್ ಪ್ರತಿ ತಿರುವಿ ನೋಡಿದೆವು. ಆ ಹೆಂಗಸಿನದು ಬಿಟ್ಟು ಎಸ್ಟೇಟಿನ ಕೂಲಿ ಲೈನುಗಳಿಗೆ ಹೋದವರು ಹನ್ನೊಂದು ಜನ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಬೀಗ ಹಾಕಿ ಮೂವರೂ ಕೇಳಿ ತಂದ ಜೀಪಿನಲ್ಲಿ ಹೊರಟೆವು. ಇವರು ಡ್ರೈವರ್, ಮಾವ ಮುಂದೆ, ನಾನು ಹಿಂದೆ ಔಷಧಿಯ ಚೀಲ ಹಿಡಿದುಕೊಂಡು. ಮೂರು ಎಸ್ಟೇಟು ಸುತ್ತಿದೆವು. ಹನ್ನೊಂದರಲ್ಲಿ ಏಳು ಜನ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೋ ಶಾಲೆಗೆ ಹೋಗುವ ಮಕ್ಕಳನ್ನೋ ಕೇಳಿ ಸರಿಯಾಗಿಯೇ ತೆಗೆದುಕೊಂಡಿದ್ದರು. ಮೂವರು ಬಿಸಿಲು ಕಾಯುತ್ತಿದ್ದರು. ಪುಣ್ಯಕ್ಕೆ ಒಬ್ಬರದು ನೆಗಡಿ, ಇಬ್ಬರದು ಕೈಕಾಲು ನೋವು. ಕೊನೆಯ ಮನೆಯಲ್ಲಿ ಮಾತ್ರೆ ನುಂಗಿ ಮುಗಿಸಿ, ಪೊಟ್ಟಣವನ್ನು ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದ್ದರು. ಚಿತ್ರ ಚೆನ್ನಾಗಿತ್ತಂತೆ.

"ಒಬ್ಬರಾದರೂ ಬೆಲೆ ಕೊಟ್ಟರಲ್ಲ," ಅಂದರು ಇವರು.

ಅಲ್ಲೇ ಜಗಲಿಯಲ್ಲಿ ಕೂತಿರುವಾಗ ಎಸ್ಟೇಟಿನ ಬೆಲ್ ಹೊಡೆಯಿತು. ಬೆಲ್ ಅಂದರೆ ಬೆಲ್ಲಲ್ಲ, ಮರಕ್ಕೆ ನೇತುಹಾಕಿದ ಒಂದು ಕಬ್ಬಿಣದ ಕಂಬಿ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೆಂಗಸರು ತೋಟದಿಂದ ಇಳಿದು ಬರತೊಡಗಿದರು.

ಮಾವ ಒಬ್ಬ ಅಜ್ಜಿಯನ್ನು ಕೇಳಿದರು. "ಇದು ಎಷ್ಟನೇ ಬೆಲ್ಲು?"

"ಎರಡ್ನೇದು. ಊಟದ್ದು."

"ಒಂದನೇದು?"

"ಹಾಜರಿಗೆ. ಮೂರ್ನೇದು ಕೆಲ್ಸ ಬಿಡಕ್ಕೆ. ಇಷ್ಟೂ ಗೊತ್ತಿಲ್ವಾ ಬುದ್ಧಿ ನಿಮ್ಗೆ?"

ಒಂದು ಗೀರು, ಎರಡು ಗೀರು, ಮೂರು ಗೀರು. ಹತ್ತು ವರ್ಷ ಆ ಗೀರುಗಳನ್ನು ನೋಡಿದ್ದ ನಾನು, ಅವು ಯಾವ ಲೆಕ್ಕದವೆಂದು ಒಂದು ದಿನವೂ ಕೇಳಿರಲಿಲ್ಲ. ಮಳೆ ಬರಲಿ ಮಂಜು ಮುಸುಕಲಿ, ಆ ಬೆಲ್ ತಪ್ಪುವುದಿಲ್ಲ.

ಆದರೆ ನನ್ನ ಮರ್ಯಾದೆಯೂ ಸ್ವಲ್ಪ ಉಳಿಯಿತು ಅನ್ನಿ. ಅದೇ ಅಜ್ಜಿ ಹೋಗುವಾಗ ತಿರುಗಿ, "ಹಿಂದೆ ಒಂದ್ಸಲ ಮೂರು ಗೀರಿಗೆ ಮೂರು ಮಾತ್ರೆ ನುಂಗಿ ಎರಡು ದಿನ ಮಲಗಿದ್ದೆ, ಬುದ್ಧಿ" ಅಂದಳು. ಜೀಪಿನಲ್ಲಿ ವಾಪಸ್ ಬರುವಾಗ ಮಾವ ನನ್ನದೊಂದು ಪೊಟ್ಟಣವನ್ನು ಭೂತಗನ್ನಡಿಯಡಿ ತಿರುಗಿಸಿ ನೋಡುತ್ತ ಕೂತಿದ್ದರು. ಆಲ್ದೂರು ಹತ್ತಿರ ಬಂದಾಗ, "ಬೆಲ್ಲಿನ ಚಿತ್ರ ಬಿಡಿಸೋಕೆ ಬರುತ್ತಾ ನಿನಗೆ?" ಅಂದರು. "ಬೆಲ್ಲು ಬಿಡಿಸಿ ಕೆಳಗೆ ಗೀರು ಹಾಕು. ಎಷ್ಟು ಮಾತ್ರೆಯೋ ಅಷ್ಟು ಸೊನ್ನೆ ಪಕ್ಕದಲ್ಲಿ. ಮತ್ತೆ, ಬಾಯಲ್ಲಿ ಹೇಳಿಸು."

"ಹೇಳಿಸ್ತೀನಿ, ಮಾವ."

ಆ ಸಂಜೆ ಅವರು ನೋಟ್‌ಬುಕ್ ತೆಗೆದಾಗ ನಾನು ಕೌಂಟರು ಒರೆಸುವ ನೆಪ ಮಾಡಿಕೊಂಡು ಪಕ್ಕದಲ್ಲೇ ನಿಂತೆ. ಆ ದಿನ ಗಿರಾಕಿಗಳಿಗೆ ಅಂಗಡಿಯ ಬಾಗಿಲೇ ತೆಗೆದಿರಲಿಲ್ಲ. ಸೊನ್ನೆ ಬರೆಯುತ್ತಾರೆ ಅಂದುಕೊಂಡಿದ್ದೆ. ಭೂತಗನ್ನಡಿ ಹಿಡಿದು, ಸಾಲು ತಪ್ಪದಂತೆ ಬೆರಳಿಟ್ಟು, ಎಂಟು ತಾಸು ಅಂತ ಬರೆದು ಸಹಿ ಹಾಕಿದರು. ಆ ಪುಸ್ತಕದಲ್ಲಿ ನಿಮಿಷ ಕಡಿಯದ ದಿನ ಅದೊಂದೇ. "ದಾರೀಲಿ ಟೀ ಕುಡಿದದ್ದು?" ಅಂದೆ. "ಅದು ನಾನೇ ಕೊಡಿಸಿದ್ದಲ್ಲವಾ," ಅಂದರು.

ಪಾದ ಸೀಳಿಕೊಂಡಿದ್ದ ಆ ಹೆಂಗಸು ಮೂರು ವಾರಕ್ಕೆ ನಡೆದುಕೊಂಡು ಬಂದಳು. ಮುಂದಿನ ಮಾತ್ರೆ ಕೊಡುವಾಗ ನಾನು ಕೇಳುವ ಮೊದಲೇ, "ಒಂದ್ನೇ ಬೆಲ್ಲಿಗೆ ಒಂದು, ಮೂರ್ನೇ ಬೆಲ್ಲಿಗೆ ಒಂದು, ಬಿಸ್ಲು ಬಂದ್ರೂ ಬರ್ದಿದ್ರೂ" ಅಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಐನೂರು ತಾಸು ತುಂಬುವಷ್ಟರಲ್ಲಿ ಅಕ್ಟೋಬರ್ ಬಂತು. ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಸರ್ಟಿಫಿಕೇಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುವವರೆಗೆ ಅತ್ತೆ ಪೋಸ್ಟ್‌ಮನ್ನಿಗೆ ದಿನಾ ಮಜ್ಜಿಗೆ ಕೊಟ್ಟರು. ಡಿಸೆಂಬರಿನಲ್ಲಿ ಲೈಸೆನ್ಸಿನ ಸಲುವಾಗಿ ಇನ್‌ಸ್ಪೆಕ್ಟರ್ ಬಂದು ಕಾಗದ ನೋಡಿ, "ಇಲ್ಲಿ ಫಾರ್ಮಸಿಸ್ಟ್ ಯಾರು?" ಅಂದರು. ನಾನು ಅಭ್ಯಾಸಬಲದಿಂದ ಮಾವನವರ ಕಡೆ ನೋಡಿದೆ. ಮಾವ ಅಷ್ಟರಲ್ಲಾಗಲೇ ಕುರ್ಚಿಯಿಂದ ಎದ್ದು, ಕೌಂಟರಿನ ಹಲಗೆ ಎತ್ತಿ, ಹೊರಗಿನ ಬೆಂಚಿಗೆ ಹೋಗಿ ಕೂತಿದ್ದರು. ತಮ್ಮ ಸರ್ಟಿಫಿಕೇಟನ್ನು ಆ ಬೆಳಿಗ್ಗೆಯೇ ಇವರ ಕೈಯಿಂದ ತೆಗೆಸಿ, ಆ ಮೊಳೆಗೇ ನನ್ನದನ್ನು ಹಾಕಿಸಿದ್ದರು.

ಇನ್‌ಸ್ಪೆಕ್ಟರ್ ಹೋದ ಮೇಲೆ ಮಾವ ಜೇಬಿನಿಂದ ತಮ್ಮದೇ ಒಂದು ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು. ಕಣ್ಣಿನ ಡಾಕ್ಟರು ಬರೆದ ಎರಡು ಬೇರೆ ಬೇರೆ ಡ್ರಾಪ್ಸ್, ಬೆಳಿಗ್ಗೆಗೊಂದು, ಸಂಜೆಗೊಂದು. ಎರಡು ಸೀಸೆಯೂ ಒಂದೇ ಅಳತೆ, ಒಂದೇ ಬಿಳುಪು. ನಾನು ಚೀಟಿ ಎರಡು ಸಲ ಓದಿದೆ. ಪೆನ್ನು ತೆಗೆದೆ, ಬೆಲ್ಲು ಬಿಡಿಸಲು. ಆಮೇಲೆ ಪೆನ್ನು ಕೆಳಗಿಟ್ಟು ಡ್ರಾಯರಿನಲ್ಲಿ ಹುಡುಕಿ, ಒಂದು ಸೀಸೆಗೆ ಒಂದು ರಬ್ಬರ್ ಬ್ಯಾಂಡು, ಇನ್ನೊಂದಕ್ಕೆ ಮೂರು ಸುತ್ತಿ, ಅವರ ಕೈಗೆ ಕೊಟ್ಟೆ.

ಮಾವ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದರು.

"ಹೇಗೆ ಹಾಕ್ಕೋತೀರಿ, ಹೇಳಿ," ಅಂದೆ.

"ಇದು ಹಾಜರಿ ಬೆಲ್ಲಿಗೆ. ಇದು ಕೆಲಸ ಬಿಡೋಕೆ," ಅಂದರು. "ಇದನ್ನ ನಿಮ್ಮ ಕಾಲೇಜಲ್ಲಿ ಹೇಳಿಕೊಟ್ಟರಾ?"

"ಇಲ್ಲ ಮಾವ."

"ಹಾಗಾದರೆ ಸರಿಯಾಗಿರುತ್ತೆ," ಅಂದು ಸೀಸೆಗಳನ್ನು ಎರಡು ಬೇರೆ ಬೇರೆ ಜೇಬಿಗೆ ಹಾಕಿಕೊಂಡರು.